ನಕ್ಷೆಯಿಂದ ಮಾಯವಾದ ಊರ ದಾರಿ: ಕೊಡಗಿನಲ್ಲಿ ಅದನ್ನು ಮರಳಿ ದಾಖಲೆಗೆ ತರುವ ಕ್ರಮ

ತೋಟದ ಗೇಟಿಗೆ ಬೀಗ ಬಿತ್ತೆಂದರೆ ನಮ್ಮ ಊರುಗಳಲ್ಲಿ ಮೊದಲು ನಡೆಯುವುದು ಸಹಿ ಸಂಗ್ರಹ. ‘ತಲೆತಲಾಂತರದಿಂದ ನಡೆದಾಡುತ್ತಿದ್ದ ದಾರಿಯನ್ನು ಮುಚ್ಚಿದ್ದಾರೆ, ತೆರವು ಮಾಡಿಸಿಕೊಡಿ’ ಎಂದು ಬರೆದು ತಹಶೀಲ್ದಾರರಿಗೆ ಕೊಡುತ್ತಾರೆ. ಸರ್ವೆಯರ್ ಬರುತ್ತಾರೆ, ಈಗಿನ ನಕ್ಷೆ ಬಿಚ್ಚಿ ನೋಡುತ್ತಾರೆ, ‘ನಕ್ಷೆಯಲ್ಲಿ ದಾರಿ ಕಂಡುಬರುವುದಿಲ್ಲ’ ಎಂದು ವರದಿ ಬರೆಯುತ್ತಾರೆ. ಅರ್ಜಿ ಅಲ್ಲಿಗೆ ಮುಗಿಯಿತು. ಸಾಲದ್ದಕ್ಕೆ ಆ ಒಂದು ಸಾಲಿನ ವರದಿಯನ್ನು ಎದುರಿನವರು ಮುಂದೆ ಪ್ರತಿ ಕಚೇರಿಯಲ್ಲೂ ತಮ್ಮ ಮೊದಲ ದಾಖಲೆಯಾಗಿ ಹಾಜರುಪಡಿಸುತ್ತಾರೆ.

ಇಂಥ ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಹಕ್ಕಿಲ್ಲದ್ದಕ್ಕಲ್ಲ, ಕ್ರಮ ತಪ್ಪಿದ್ದಕ್ಕೆ. ‘ದಾರಿ ಇತ್ತು’ ಎಂದು ವಾದಿಸಲು ಹೋಗುವ ಮೊದಲು ‘ಯಾವ ಆದೇಶದ ಮೇಲೆ ತೆಗೆದಿರಿ?’ ಎಂದು ಕೇಳುವ ಸ್ಥಿತಿಗೆ ಬರಬೇಕು. ಅಲ್ಲಿಗೆ ಮುಟ್ಟುವ ಹಂತಗಳನ್ನು ಕೆಳಗೆ ಕೊಟ್ಟಿದ್ದೇನೆ. ಹಿಂದುಮುಂದು ಮಾಡಬೇಡಿ.

ಹಂತ 1: ಇದು ಯಾವ ಬಗೆಯ ದಾರಿ ಎಂದು ಮೊದಲು ತೀರ್ಮಾನಿಸಿ

ಎಲ್ಲ ದಾರಿಗಳಿಗೂ ಒಂದೇ ಕಾನೂನಿಲ್ಲ. ಅರ್ಜಿಯ ಮೊದಲ ಸಾಲು ಬರೆಯುವ ಮುನ್ನವೇ ಇದು ಖಚಿತವಾಗಬೇಕು.

ಮೊದಲನೆಯದು ಸಾರ್ವಜನಿಕ ದಾರಿ. ಸರ್ವೆ ದಾಖಲೆಯಲ್ಲಿ ಬಂಡಿದಾರಿ, ಕಾಲುದಾರಿ ಎಂದು ಗುರುತಾಗಿ, ಯಾರು ಬೇಕಾದರೂ ನಡೆಯಬಹುದಾದದ್ದು. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ ಸೆಕ್ಷನ್ 67ರ ಪ್ರಕಾರ ಸಾರ್ವಜನಿಕ ರಸ್ತೆ, ಬೀದಿ, ಓಣಿ, ದಾರಿಗಳು ರಾಜ್ಯ ಸರ್ಕಾರದ ಸ್ವತ್ತು. ಸುತ್ತಲಿನ ತೋಟ ಯಾರದ್ದೇ ಆಗಿರಲಿ, ಆ ದಾರಿಯ ನೆಲ ಅವರದಲ್ಲ.

ಎರಡನೆಯದು ಈಸ್‌ಮೆಂಟ್, ಅಂದರೆ ಅನುಭೋಗದ ಹಕ್ಕು. ನೆಲ ಪಕ್ಕದವರದ್ದೇ, ಅದರ ಮೇಲೆ ಹಾದುಹೋಗುವ ಹಕ್ಕು ಮಾತ್ರ ನಿಮ್ಮದು. ಒಕ್ಕದೊಳಗೆ, ಅಂದರೆ ಕೊಡವರ ಕೂಡುಕುಟುಂಬದೊಳಗೆ, ಪಾಲಾದ ಮೇಲೆ ಹಿಂದಿನ ಮನೆಗೆ, ಒಳಗಿನ ಗದ್ದೆಗೆ ಹೋಗುವ ದಾರಿಗಳು ಬಹುಪಾಲು ಈ ಜಾತಿಯವು. ಇದಕ್ಕೆ 1882ರ ಭಾರತೀಯ ಈಸ್‌ಮೆಂಟ್ ಅಧಿನಿಯಮ ಅನ್ವಯಿಸುತ್ತದೆ. ಆ ಕಾಯ್ದೆ ಮೊದಲ ದಿನದಿಂದಲೇ ಜಾರಿಯಾದ ಪ್ರಾಂತ್ಯಗಳಲ್ಲಿ ಕೊಡಗೂ ಒಂದು. ಹಾಗಾಗಿ ‘ಜಮ್ಮಾ ಜಾಗಕ್ಕೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿಗೆ) ಈ ಕಾನೂನು ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಮೂರನೆಯದು ಅರಣ್ಯದೊಳಗಿನ ದಾರಿ. ಮೀಸಲು ಅರಣ್ಯ, ದೇವರಕಾಡು, ಹಾಡಿಯ (ಆದಿವಾಸಿಗಳ ನೆಲೆಯ) ದಾರಿಗಳಿಗೆ ಅರಣ್ಯ ಕಾಯ್ದೆ ಮತ್ತು 2006ರ ಅರಣ್ಯ ಹಕ್ಕು ಕಾಯ್ದೆಯ ಹಾದಿ ಬೇರೆಯೇ ಇದೆ. ಅಲ್ಲಿ ಗ್ರಾಮಸಭೆ ಮತ್ತು ಅರಣ್ಯ ಹಕ್ಕು ಸಮಿತಿಯಿಂದ ಕೆಲಸ ಶುರುವಾಗಬೇಕು. ಈ ಮಾರ್ಗದರ್ಶಿ ಮೊದಲೆರಡಕ್ಕೆ ಮಾತ್ರ.

ಎರಡು ಬಗೆಯನ್ನೂ ಒಂದೇ ಅರ್ಜಿಯಲ್ಲಿ ಕಲಸುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ‘ಇದು ಸಾರ್ವಜನಿಕ ದಾರಿ, ನಮ್ಮ ತಾತನ ಕಾಲದಲ್ಲಿ ಅವರ ತಾತ ಒಪ್ಪಿ ಬಿಟ್ಟುಕೊಟ್ಟದ್ದು’ ಎಂದು ಬರೆದರೆ ಮೊದಲ ಅರ್ಧವನ್ನು ಎರಡನೆಯ ಅರ್ಧವೇ ಕೊಂದುಹಾಕುತ್ತದೆ. ಒಪ್ಪಿ ಬಿಟ್ಟದ್ದು ಅನುಮತಿಯಾಗುತ್ತದೆ. ಅನುಮತಿಯಿಂದ ಎಷ್ಟು ವರ್ಷ ನಡೆದರೂ ಬಳಕೆಯ ಹಕ್ಕು ಹುಟ್ಟುವುದಿಲ್ಲ.

ಹಂತ 2: ದಿನಾಂಕಗಳು ಓಡತೊಡಗಿವೆ, ಮೊದಲು ಅವನ್ನು ಹಿಡಿಯಿರಿ

ದಾರಿ ಮುಚ್ಚಿದ ದಿನವನ್ನು ಬರೆದಿಡಿ. ಅದರ ಹಿಂದಿನ ದಿನದವರೆಗೆ ಯಾರು, ಯಾವುದಕ್ಕೆ ನಡೆಯುತ್ತಿದ್ದರು ಎಂಬುದನ್ನೂ ಬರೆದಿಡಿ: ಶಾಲೆಯ ಮಕ್ಕಳು, ಹಾಲಿನವರು, ಲೈನ್ ಮನೆಯ (ತೋಟದ ಸಾಲುಮನೆಯ) ಕೆಲಸಗಾರರು, ಪಡಿತರಕ್ಕೆ ಹೋಗುವವರು.

ಇದಕ್ಕೆ ಅವಸರ ಏಕೆಂದರೆ, ದಾರಿ ಬಳಕೆಯ ವಿವಾದದಲ್ಲಿ ಕಾರ್ಯನಿರ್ವಾಹಕ ದಂಡಾಧಿಕಾರಿಗಳು (ತಾಲ್ಲೂಕಿನಲ್ಲಿ ತಹಶೀಲ್ದಾರರು) ಆದೇಶ ಮಾಡುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 166ರ ಅಡಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದೇ 147 ಆಗಿತ್ತು. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ. ವರ್ಷವಿಡೀ ಬಳಸುವ ದಾರಿಯಾದರೆ, ದೂರು ತಲುಪುವ ಹಿಂದಿನ 3 ತಿಂಗಳೊಳಗೆ ಅದನ್ನು ಬಳಸಿರಬೇಕು ಎಂಬುದು ಅಲ್ಲಿನ ಷರತ್ತು. ಗದ್ದೆಗೆ ನಾಟಿ, ಕೊಯ್ಲಿನ ಕಾಲದಲ್ಲಿ ಮಾತ್ರ ಹೋಗುವ ದಾರಿಯಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು.

ಕೊಡಗಿನಲ್ಲಿ ಈ 3 ತಿಂಗಳು ಹೇಗೆ ಕೈಜಾರುತ್ತದೆ ಎಂದರೆ: ಮೇ ಕೊನೆಯಲ್ಲಿ ಬೇಲಿ ಬೀಳುತ್ತದೆ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ‘ಮಳೆ ಬಿಟ್ಟ ಮೇಲೆ ನೋಡೋಣ’ ಎಂದು ಊರು ಸುಮ್ಮನಾಗುತ್ತದೆ. ಸೆಪ್ಟೆಂಬರಿನಲ್ಲಿ ಅರ್ಜಿ ಕೊಡುವಾಗ ಆ ಬಾಗಿಲು ಮುಚ್ಚಿರುತ್ತದೆ. ಬೇಲಿ ಹಾಕುವವರಿಗೂ ಈ ಲೆಕ್ಕ ಗೊತ್ತಿಲ್ಲದೇ ಇಲ್ಲ.

ಮುಚ್ಚಿದ ವಾರದೊಳಗೆ ತಹಶೀಲ್ದಾರರಿಗೆ ಅರ್ಧ ಪುಟದ ದೂರು ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗ್ರಾಮ ಪಂಚಾಯಿತಿಗೂ ಪೊಲೀಸ್ ಠಾಣೆಗೂ ಪ್ರತಿ ಕೊಡಿ. ವಿವರ, ದಾಖಲೆಗಳು ಆಮೇಲೆ ಬರಲಿ. ಮೊಹರಿನ ಮೇಲಿನ ದಿನಾಂಕ ಮುಖ್ಯ.

ಅದೇ ದಿನ ದಾರಿಯ ಉದ್ದಕ್ಕೂ ಫೋಟೊ, ವಿಡಿಯೊ ಮಾಡಿ. ಸವೆದ ನೆಲ, ಮೋರಿ, ಕಲ್ಲಿನ ಮೆಟ್ಟಿಲು, ತೋಡು (ಸಣ್ಣ ಹೊಳೆ) ದಾಟಲು ಹಾಕಿದ ಮರದ ಪಾಲ (ಕಿರುಸೇತುವೆ), ಎರಡೂ ಬದಿಯ ಹಳೆಯ ಕಡಂಗ (ಕಂದಕ), ದಾರಿಬದಿಯ ವಿದ್ಯುತ್ ಕಂಬದ ಸಂಖ್ಯೆ ಇವೆಲ್ಲ ಚಿತ್ರದಲ್ಲಿ ಬರಲಿ. ಒಂದು ಜೆಸಿಬಿ ಅರ್ಧ ದಿನ ಓಡಿದರೆ ಇವು ಯಾವುವೂ ಉಳಿಯುವುದಿಲ್ಲ. ಮೊಬೈಲಿನ ಮೂಲ ಕಡತಗಳನ್ನು ಅಳಿಸಬೇಡಿ. ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕಾಗುತ್ತದೆ; ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರಕ್ಕೆ ಅದನ್ನು ಕೊಡುವವರು ಸಿಗುವುದಿಲ್ಲ.

ಮಾಡಬಾರದ ಮೂರು ಕೆಲಸ

ಬೀಗ ಒಡೆಯಬೇಡಿ, ಬೇಲಿ ಕಡಿಯಬೇಡಿ. ಹಕ್ಕು ನಿಮ್ಮದೇ ಆದರೂ ಮರುದಿನ ಅತಿಕ್ರಮ ಪ್ರವೇಶ, ಆಸ್ತಿ ನಷ್ಟದ ಪ್ರಕರಣ ನಿಮ್ಮ ಮೇಲೆ ಬರುತ್ತದೆ. ದಾರಿಯ ವಿಷಯ ಹಿಂದೆ ಸರಿದು ಜಾಮೀನಿನ ವಿಷಯ ಮುಂದೆ ಬರುತ್ತದೆ.

ಗೇಟಿನ ಕೀಲಿ ಪಡೆಯಬೇಡಿ. ‘ನಿಮಗೊಂದು ಕೀಲಿ ಕೊಡುತ್ತೇವೆ, ತೋಟದ ರೈಟರ್ (ಗುಮಾಸ್ತ) ಹತ್ತಿರ ಒಂದು ಸಹಿ ಹಾಕಿ’ ಎನ್ನುವ ಔದಾರ್ಯದ ಅರ್ಥ ಇಷ್ಟೇ: ಸಹಿ ಹಾಕಿದ ದಿನದಿಂದ ನೀವು ಅನುಮತಿಯ ಮೇಲೆ ನಡೆಯುವವರು.

100 ರೂಪಾಯಿ ಛಾಪಾ ಕಾಗದದ ಮೇಲೆ ‘ಬದಲಿ ದಾರಿ’ ಒಪ್ಪಂದ ಮಾಡಿಕೊಳ್ಳಬೇಡಿ. ಬದಲಿ ದಾರಿ ನಿಜಕ್ಕೂ ಚೆನ್ನಾಗಿದ್ದರೆ ಅಗಲ, ಉದ್ದ, ನಕ್ಷೆ ಸಹಿತ ನೋಂದಾಯಿಸಿಕೊಳ್ಳಿ. ನೋಂದಣಿ ಇಲ್ಲದ ಕಾಗದ ತೋಟ ಮಾರಿಹೋದ ದಿನ ರದ್ದಿ.

ಹಂತ 3: ದಾಖಲೆ ಕೂಡಿಸುವುದು, ಹಳೆಯದರಿಂದ ಹೊಸದಕ್ಕೆ

ಎಲ್ಲರೂ ಮೊದಲು ಮೊಬೈಲಿನಲ್ಲಿ ದಿಶಾಂಕ್ ಎಂಬ ಸರ್ಕಾರಿ ನಕ್ಷೆಯ ಆ್ಯಪ್ ತೆರೆಯುತ್ತಾರೆ. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ಅದು ಉಪಯುಕ್ತ. ಪುರಾವೆಯಾಗಿ ಅದಕ್ಕೆ ಬೆಲೆಯಿಲ್ಲ. ದಾರಿ ಹಾದುಹೋಗುವ ಪ್ರತಿ ಸರ್ವೆ ನಂಬರನ್ನೂ ಅದರಿಂದ ಪಟ್ಟಿ ಮಾಡಿಕೊಂಡು, ಮೊಬೈಲನ್ನು ಜೇಬಿಗೆ ಹಾಕಿ.

ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಅಂದರೆ ಎಡಿಎಲ್‌ಆರ್ ಕಚೇರಿಯಲ್ಲಿ, ಪ್ರತಿ ಸರ್ವೆ ನಂಬರಿಗೂ ಮೂಲ ಟಿಪ್ಪಣಿ (ಮೊದಲ ಸರ್ವೆಯ ಅಳತೆ ಚಿತ್ರ), ಹಿಸ್ಸಾ ಟಿಪ್ಪಣಿ (ಪಾಲಾದ ಭಾಗಗಳ ಅಳತೆ ಚಿತ್ರ), ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯದ ವಹಿ) ಮತ್ತು ಹಳೆಯ ಗ್ರಾಮ ನಕ್ಷೆಯ ಪ್ರಮಾಣಿತ ನಕಲು ಕೇಳಿ. ‘ಗ್ರಾಮ ನಕ್ಷೆ ಕೊಡಿ’ ಎಂದಷ್ಟೇ ಬರೆದರೆ ಈಗ ಚಾಲ್ತಿಯಲ್ಲಿರುವುದನ್ನು ಕೊಡುತ್ತಾರೆ. ‘ಲಭ್ಯವಿರುವ ಎಲ್ಲ ಆವೃತ್ತಿಗಳು, ಮೂಲ ಸರ್ವೆಯ ನಕ್ಷೆ ಸಹಿತ’ ಎಂದು ಬರೆಯಿರಿ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಗಣಕೀಕರಣಕ್ಕೆ ಹಿಂದಿನ ಕೈಬರಹದ ಪಹಣಿ ಮತ್ತು ಹಳೆಯ ಜಮಾಬಂದಿ (ಕಂದಾಯ ಲೆಕ್ಕದ ವಹಿ) ನಕಲು ತೆಗೆಯಿಸಿ. ಪೊನ್ನಂಪೇಟೆ, ಕುಶಾಲನಗರ ಹೊಸ ತಾಲ್ಲೂಕುಗಳು. ಅಲ್ಲಿನವರು ಹಳೆಯ ಕಡತಕ್ಕೆ ವಿರಾಜಪೇಟೆ, ಸೋಮವಾರಪೇಟೆಯಲ್ಲೂ ವಿಚಾರಿಸಬೇಕು. ‘ನಮ್ಮಲ್ಲಿ ಇಲ್ಲ’ ಎಂಬ ಬಾಯಿಮಾತಿನ ಉತ್ತರಕ್ಕೆ ಹಿಂದಿರುಗಬೇಡಿ, ಇಲ್ಲವೆಂದೇ ಬರೆದುಕೊಡಲಿ.

ಮೂರನೆಯ ಜಾಗ ಉಪನೋಂದಣಿ ಕಚೇರಿ. ಇದನ್ನು ಬಹಳ ಮಂದಿ ಮರೆಯುತ್ತಾರೆ, ಆದರೆ ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಅತಿ ಬೆಲೆಯುಳ್ಳ ಕಾಗದ ಸಿಗುವುದು ಇಲ್ಲೇ. ಸ್ಥಿರಾಸ್ತಿಯ ನೋಂದಾಯಿತ ಪತ್ರದ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು. ಗೇಟು ಹಾಕಿದವರ ಕ್ರಯಪತ್ರ, ಅವರಿಗೆ ಮಾರಿದವರ ಕ್ರಯಪತ್ರ, ಅದಕ್ಕೂ ಹಿಂದಿನ ವಿಭಾಗಪತ್ರ ತೆಗೆಸಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಓದಿ. ‘ಪಶ್ಚಿಮಕ್ಕೆ ಊರ ದಾರಿ’, ‘ಉತ್ತರಕ್ಕೆ ಗದ್ದೆಗೆ ಹೋಗುವ ಓಣಿ’ ಎಂದು ಅವರದೇ ಪತ್ರದಲ್ಲಿ ಎಲ್ಲೆ ಹೇಳಿದ್ದರೆ, ದಾರಿ ಇರಲೇ ಇಲ್ಲ ಎಂದು ಅವರು ಆಮೇಲೆ ಹೇಳುವುದು ಕಷ್ಟ. 1980ರ ಪತ್ರದಲ್ಲಿ ‘ದಾರಿ’ ಇದ್ದು, ಇತ್ತೀಚಿನದರಲ್ಲಿ ಅದೇ ದಿಕ್ಕಿಗೆ ‘ಸ್ವಂತ ತೋಟ’ ಎಂದಾಗಿದ್ದರೆ, ಯಾವ ವ್ಯವಹಾರದಲ್ಲಿ ದಾರಿಯನ್ನು ನುಂಗಿದರು ಎಂಬುದೂ ಸಿಕ್ಕಿತು.

ಗ್ರಾಮ ಪಂಚಾಯಿತಿಯಲ್ಲಿ ಆಸ್ತಿ ವಹಿ, ಕ್ರಿಯಾಯೋಜನೆ, ಉದ್ಯೋಗ ಖಾತರಿಯ ಕಾಮಗಾರಿ ಕಡತ, ಅಳತೆ ಪುಸ್ತಕ ಕೇಳಿ. ಒಂದು ಮೋರಿಗಾದರೂ ಸರ್ಕಾರದ ಹಣ ಬಿದ್ದಿದ್ದರೆ ಅದು ಖಾಸಗಿ ದಾರಿ ಎನ್ನುವ ವಾದ ಕುಂಟುತ್ತದೆ. ಸರ್ವೆ ಆಫ್ ಇಂಡಿಯಾದ ಭೂಪಟಗಳು, ಉಪಗ್ರಹದ ಹಳೆಯ ಚಿತ್ರಗಳು ಪೂರಕ ಸಾಕ್ಷ್ಯ: ಆ ಕಾಲಕ್ಕೆ ನೆಲದ ಮೇಲೆ ದಾರಿ ಇತ್ತೆಂದು ತೋರಿಸುತ್ತವೆ, ಅದರ ಮೇಲೆ ಯಾರಿಗೆ ಹಕ್ಕಿತ್ತೆಂದು ಹೇಳುವುದಿಲ್ಲ. ಮರದ ನೆರಳಿನ ಕಾಫಿ ತೋಟದಲ್ಲಿ ಉಪಗ್ರಹಕ್ಕೂ ಏನೂ ಕಾಣದು.

ಹಂತ 4: ನಕ್ಷೆ ಮತ್ತು ಪಹಣಿಯನ್ನು ಒಟ್ಟಿಗೆ ಓದುವುದು

ಇಲ್ಲಿ ನಿಧಾನಿಸಿ. ಪ್ರಕರಣ ಗೆಲ್ಲುವುದೂ ಸೋಲುವುದೂ ಈ ಮೇಜಿನ ಮೇಲೆಯೇ.

ಗ್ರಾಮ ನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಗಳಿಂದ ತೋರಿಸಿರುತ್ತಾರೆ. ಯಾವ ಗೆರೆ ಯಾವುದಕ್ಕೆಂದು ನಕ್ಷೆಯ ಗುರುತುಪಟ್ಟಿ ನೋಡಿಯೇ ಹೇಳಿ, ಊಹಿಸಬೇಡಿ. ಸರ್ವೆ ನಂಬರಿನ ಗಡಿಗೆರೆಯನ್ನೇ ದಾರಿ ಎಂದುಕೊಂಡು ಅರ್ಜಿ ಹಾಕಿದವರಿದ್ದಾರೆ.

ಕರ್ನಾಟಕದ ಗ್ರಾಮ ನಕ್ಷೆಗಳು ಹೆಚ್ಚಾಗಿ 1:7920ರ ಅಳತೆಯವು: ಕಾಗದದ 1 ಇಂಚು ಎಂದರೆ ನೆಲದ 660 ಅಡಿ. ಈ ಲೆಕ್ಕದಲ್ಲಿ 10 ಅಡಿಯ ದಾರಿ ಕಾಗದದ ಮೇಲೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಆದ್ದರಿಂದ ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಗ್ರಾಮ ನಕ್ಷೆ ಹೇಳುತ್ತದೆ, ಎಷ್ಟು ಅಗಲ ಎಂಬುದನ್ನು ಹೇಳಲಾರದು. ‘ನಕ್ಷೆಯ ಪ್ರಕಾರ 15 ಅಡಿ’ ಎಂದು ಗ್ರಾಮ ನಕ್ಷೆಯ ನೆರಳಚ್ಚು ಪ್ರತಿಗೆ ಅಳತೆಪಟ್ಟಿ ಇಟ್ಟು ಬರೆದ ಅರ್ಜಿಯನ್ನು ಎದುರಿನ ವಕೀಲರು ಎರಡು ನಿಮಿಷದಲ್ಲಿ ಹರಿದುಹಾಕುತ್ತಾರೆ. ನೆರಳಚ್ಚಿನಲ್ಲಿ ನಕ್ಷೆ ಕುಗ್ಗಿರುತ್ತದೆ ಎಂಬುದು ಬೇರೆ.

ಅಗಲವನ್ನು ಹೇಳುವುದು ಟಿಪ್ಪಣಿ ಮತ್ತು ಖರಾಬು, ಅಂದರೆ ಕಂದಾಯ ಹಾಕದೆ ಬಿಟ್ಟ ಜಾಗ. ಪಹಣಿಯಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬ್ ‘ಅ’ ಮತ್ತು ‘ಬ’ ಎಂದು ಎರಡು ಅಂಕಿಗಳಿರುತ್ತವೆ. ಕರ್ನಾಟಕ ಭೂಕಂದಾಯ ನಿಯಮಗಳು 1966ರ ನಿಯಮ 21(2)ರಂತೆ ‘ಅ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಜಾಗ. ‘ಬ’ ಖರಾಬು ಸಾರ್ವಜನಿಕ ಉದ್ದೇಶದ್ದು. ರಸ್ತೆ, ಮಾನ್ಯವಾದ ಕಾಲುದಾರಿ, ತೋಡು, ಸ್ಮಶಾನ ಇವೆಲ್ಲ ಅದರಲ್ಲಿ ಬರುತ್ತವೆ. ಆ ಅಂಕಿಯೇ ನಿಮ್ಮ ದಾರಿ.

ಒಂದು ಉದಾಹರಣೆ. ಹಳೆಯ ಪಹಣಿಯಲ್ಲಿ ಒಂದು ಸರ್ವೆ ನಂಬರಿಗೆ ಒಟ್ಟು 5 ಎಕರೆ 20 ಸೆಂಟ್, ಅದರಲ್ಲಿ ‘ಬ’ ಖರಾಬು 14 ಸೆಂಟ್ ಎಂದಿದೆ ಎನ್ನಿ. ಗ್ರಾಮ ನಕ್ಷೆಯಲ್ಲಿ ಆ ನಂಬರಿನೊಳಗೆ ಚುಕ್ಕಿಗೆರೆಯ ಉದ್ದ ಅಳೆದರೆ ಸುಮಾರು 600 ಅಡಿ. 14 ಸೆಂಟ್ ಎಂದರೆ ಸುಮಾರು 6,100 ಚದರ ಅಡಿ. 600ರಿಂದ ಭಾಗಿಸಿ: ಅಗಲ 10 ಅಡಿಗೆ ತುಸು ಹೆಚ್ಚು. ನೆಲದ ಮೇಲೆ ಎರಡು ಕಡಂಗಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಮೂರು ಸಾಕ್ಷ್ಯಗಳು ಒಂದೇ ಮಾತು ಹೇಳಿದಂತಾಯಿತು. ಆದರೆ ಆ ನಂಬರಿನಲ್ಲಿ ತೋಡೂ ಇದ್ದರೆ 14 ಸೆಂಟ್ ಎರಡಕ್ಕೂ ಸೇರಿರಬಹುದು. ಆಗ ಆಕಾರಬಂದ್ ಮತ್ತು ಟಿಪ್ಪಣಿಯಲ್ಲಿ ಖರಾಬಿನ ವಿವರ ನೋಡದೆ ಭಾಗಾಕಾರಕ್ಕೆ ಇಳಿಯಬೇಡಿ.

ಈಗ ಹೊಸ ಪಹಣಿಗಳನ್ನು ನೋಡಿ. ಅದೇ ನಂಬರು ಪೋಡಿಯಾಗಿ (ಅಳತೆಯಾಗಿ ಬೇರ್ಪಟ್ಟು) 1, 2 ಎಂದು ಎರಡು ಹಿಸ್ಸೆಗಳಾಗಿವೆ. ಎರಡರ ವಿಸ್ತೀರ್ಣ ಕೂಡಿದರೆ ಮತ್ತೆ 5 ಎಕರೆ 20 ಸೆಂಟ್. ‘ಬ’ ಖರಾಬಿನ ಜಾಗದಲ್ಲಿ ಎರಡರಲ್ಲೂ ಸೊನ್ನೆ. ದಾರಿ ಮಾಯವಾದದ್ದು ಇಲ್ಲಿ. ಯಾವ ವರ್ಷ, ಯಾವ ಪೋಡಿ ಕಡತ, ಯಾವ 11ಇ ನಕ್ಷೆ (ಮಾರುವ ಅಥವಾ ಪಾಲಾಗುವ ಭಾಗದ ಸರ್ವೆ ನಕ್ಷೆ) ಎಂದು ಬರೆದುಕೊಳ್ಳಿ.

ಅನುಮಾನಿಸಬೇಕಾದ ಗುರುತುಗಳು ಇನ್ನೂ ಕೆಲವು: ರೆಸಾರ್ಟು, ಬಡಾವಣೆಗಾಗಿ ಭೂಪರಿವರ್ತನೆಯಾದ ನಕ್ಷೆಯಲ್ಲಿ ದಾರಿ ಇಲ್ಲದಿರುವುದು, ಪಕ್ಕದ ಎರಡು ಗ್ರಾಮಗಳ ನಕ್ಷೆಗಳಲ್ಲಿ ದಾರಿ ಒಂದರ ಗಡಿಯವರೆಗೆ ಬಂದು ಇನ್ನೊಂದರಲ್ಲಿ ಹಠಾತ್ತನೆ ನಿಂತಿರುವುದು, ಪಹಣಿಯ 11ನೇ ಕಲಂನಲ್ಲಿ ಇದ್ದ ದಾರಿ ಹಕ್ಕಿನ ನಮೂದು ಗಣಕೀಕರಣದ ನಂತರ ಇಲ್ಲವಾಗಿರುವುದು.

ಮಡಿಕೇರಿಯ ಉತ್ತರದ ಊರುಗಳಲ್ಲಿ ಒಂದು ಎಚ್ಚರ. 2018ರ ಆಗಸ್ಟ್ ಭೂಕುಸಿತದಲ್ಲಿ ಅಲ್ಲಿ ನೆಲವೇ ಜಾಗ ಬಿಟ್ಟಿದೆ. ಜನ ಈಗ ನಡೆಯುತ್ತಿರುವ ಜಾಡು ನಕ್ಷೆಯ ದಾರಿಯಿಂದ ಎಷ್ಟೋ ಅಡಿ ಆಚೆ ಇರಬಹುದು. ಹೊಸ ಜಾಡಿಗೆ ಹಳೆಯ ನಕ್ಷೆಯ ಬಲ ಸಿಗುವುದಿಲ್ಲ. ಅದನ್ನು ಅರ್ಜಿಯಲ್ಲಿ ಮುಚ್ಚಿಡದೆ ಹೇಳಿ, ಬದಲಿ ದಾರಿಯ ಜಾಗವನ್ನು ಗುರುತಿಸಿಕೊಡಲು ಬೇಡಿಕೆ ಇಡಿ.

ಹಂತ 5: ‘ಅಳಿಸಿದ ಆದೇಶ ಎಲ್ಲಿ?’

ಸಾರ್ವಜನಿಕ ದಾರಿಯ ಮೇಲಿನ ಹಕ್ಕನ್ನು ಇಲ್ಲವಾಗಿಸಲು ಭೂಕಂದಾಯ ಅಧಿನಿಯಮದ ಸೆಕ್ಷನ್ 68ರಲ್ಲಿ ವಿಧಾನ ಹೇಳಿದೆ: ಅಧಿಸೂಚನೆ ಹೊರಡಬೇಕು, ದಾರಿಯ ಸಮೀಪ ಸಾರ್ವಜನಿಕ ನೋಟಿಸ್ ಹಚ್ಚಬೇಕು, ಆಕ್ಷೇಪಣೆ ಕೇಳಬೇಕು, ವಿಚಾರಣೆ ನಡೆಯಬೇಕು. ಸರ್ವೆಯರ್ ನಕ್ಷೆ ನಕಲು ಮಾಡುವಾಗ ಒಂದು ಗೆರೆ ಬಿಟ್ಟರೆ ಹಕ್ಕು ಹೋಗುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಈಗ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ, 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ಇತಿಹಾಸ ಬರೆಯದೆ ನೇರ ಕೇಳಿ: ಈ ಸರ್ವೆ ನಂಬರಿನ ‘ಬ’ ಖರಾಬನ್ನು ತೆಗೆದ ಅಥವಾ ಕಡಿಮೆ ಮಾಡಿದ ಆದೇಶದ ಪ್ರತಿ, ಈ ದಾರಿಗೆ ಸಂಬಂಧಿಸಿ ಸೆಕ್ಷನ್ 68ರ ಅಡಿ ಹೊರಡಿಸಿದ ಅಧಿಸೂಚನೆಯ ಪ್ರತಿ. ಎಡಿಎಲ್‌ಆರ್, ತಹಶೀಲ್ದಾರ್, ಜಿಲ್ಲಾಧಿಕಾರಿ ಮೂರೂ ಕಚೇರಿಗೆ ಪ್ರತ್ಯೇಕ ಅರ್ಜಿ ಇರಲಿ.

ಉತ್ತರ ಮೂರು ಬಗೆಯಲ್ಲಿ ಬರಬಹುದು. ‘ಅಂಥ ಆದೇಶ ಲಭ್ಯವಿಲ್ಲ’ ಎಂದರೆ ಹಿಗ್ಗಿ. ಅಳಿಸಿದ್ದಕ್ಕೆ ಆಧಾರವಿಲ್ಲ ಎಂದು ಕಚೇರಿಯೇ ಬರೆದುಕೊಟ್ಟಂತಾಯಿತು. ಆದೇಶ ಇದೆ ಎಂದರೆ ಅದರಲ್ಲಿ ಯಾರಿಗೆ ನೋಟಿಸ್ ಹೋಗಿತ್ತು, ಮಹಜರಿಗೆ (ಸ್ಥಳ ಪರಿಶೀಲನೆಯ ದಾಖಲೆಗೆ) ಯಾರು ಸಹಿ ಹಾಕಿದ್ದಾರೆ, ಸಹಿ ಹಾಕಿದವರು ಆ ಊರಿನವರೇ ಎಂದು ನೋಡಿ. ಮೇಲ್ಮನವಿಯ ಅವಧಿ ಓಡುತ್ತಿರುತ್ತದೆ, ಆದ್ದರಿಂದ ಪ್ರಮಾಣಿತ ನಕಲಿಗೆ ಅದೇ ದಿನ ಅರ್ಜಿ ಕೊಡಿ. ಮೂರನೆಯದು, ಮೌನ: 30 ದಿನ ಕಳೆದ ಕೂಡಲೇ ಮೊದಲ ಮೇಲ್ಮನವಿ.

ಇನ್ನೊಂದು ಸಂದರ್ಭವಿದೆ. ದಾರಿ ಇನ್ನೂ ನಕ್ಷೆಯಲ್ಲಿದೆ, ಈಗಷ್ಟೇ ತೆಗೆಯಲು ಹೊರಟಿದ್ದಾರೆ. ಆಗ ನೋಟಿಸಿನಲ್ಲಿ ಹೇಳಿದ ದಿನದೊಳಗೆ ಲಿಖಿತ ಆಕ್ಷೇಪಣೆ ಕೊಡುವುದಕ್ಕಿಂತ ದೊಡ್ಡ ಕೆಲಸ ಯಾವುದೂ ಇಲ್ಲ. ‘ಬಳಕೆಯಲ್ಲಿಲ್ಲ’ ಎಂಬುದೇ ಅವರ ಆಧಾರವಾಗಿರುತ್ತದೆ. ಹಾಗಾಗಿ ಯಾರು ಬಳಸುತ್ತಾರೆ ಎಂಬ ಹೆಸರು, ಕಾರಣ, ದಿನಗಳೇ ನಿಮ್ಮ ಉತ್ತರ. ಭಾವನೆಯ ಮಾತಿಗೆ ಅಲ್ಲಿ ಜಾಗವಿಲ್ಲ. ದಾರಿಯನ್ನು ಸರಿಸಿಕೊಳ್ಳಬೇಕಾದ ತೋಟದ ಮಾಲೀಕರಿಗೂ ಇದೇ ಸೆಕ್ಷನ್ ಹಾದಿ ಎಂಬುದನ್ನು ಹೇಳಲೇಬೇಕು. ಬೀಗಕ್ಕಿಂತ ನಿಧಾನ, ಆದರೆ ಆಮೇಲೆ ಮೊಕದ್ದಮೆ ಇರುವುದಿಲ್ಲ.

ಹಂತ 6: ಯಾವ ಬಾಗಿಲು ತಟ್ಟಬೇಕು

ನಕ್ಷೆಯಲ್ಲಿ ದಾರಿ ಇದ್ದು ನೆಲದ ಮೇಲೆ ಮಾತ್ರ ಮುಚ್ಚಿದ್ದರೆ ತಹಶೀಲ್ದಾರರ ಕಡೆಗೆ ಹೋಗಿ. ಸರ್ಕಾರಿ ಸ್ವತ್ತಿನ ಒತ್ತುವರಿ ತೆರವಿಗೆ ಭೂಕಂದಾಯ ಅಧಿನಿಯಮದ ಸೆಕ್ಷನ್ 104ನ್ನು ಉಲ್ಲೇಖಿಸಿ. ನಕ್ಷೆಯ ದಾರಿಗಳಿಗೆ ಅಡ್ಡಿ ಮಾಡಿದರೆ ಕ್ರಮ ಕೈಗೊಳ್ಳುವಂತೆ ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆ ಕಳುಹಿಸಿದೆ, ಅದರ ಪ್ರತಿಯನ್ನೂ ಲಗತ್ತಿಸಿ. ಜೊತೆಗೆ ಬಿಎನ್‌ಎಸ್‌ಎಸ್ ಸೆಕ್ಷನ್ 166ರ ಅಡಿ ಪ್ರತ್ಯೇಕ ಅರ್ಜಿ.

ಸಾರ್ವಜನಿಕರು ನಡೆಯುವ ದಾರಿಗೆ ಅಡ್ಡಿಯಾಗಿದೆ ಎಂದಾದರೆ ಉಪವಿಭಾಗಾಧಿಕಾರಿಗಳ ಮುಂದೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 152 ಇದೆ, ಹಳೆಯ ಸಂಹಿತೆಯ 133. ಎದುರಿನವರು ‘ಇದು ಸಾರ್ವಜನಿಕ ದಾರಿಯೇ ಅಲ್ಲ’ ಎಂದು ನಿರಾಕರಿಸಿ ನಂಬಲರ್ಹ ಪುರಾವೆ ಕೊಟ್ಟರೆ, ಸಿವಿಲ್ ನ್ಯಾಯಾಲಯ ತೀರ್ಮಾನಿಸುವವರೆಗೆ ಪ್ರಕ್ರಿಯೆ ನಿಲ್ಲುತ್ತದೆ. ಅದನ್ನು ಸೆಕ್ಷನ್ 156 ಹೇಳುತ್ತದೆ. ಹಂತ 3, 4 ಮುಗಿಸದೆ ಇಲ್ಲಿಗೆ ಬಂದವರು ನಿಲ್ಲುವುದು ಇದೇ ಜಾಗದಲ್ಲಿ.

ನಕ್ಷೆಯಿಂದಲೇ ಹೋಗಿದ್ದರೆ ತಹಶೀಲ್ದಾರರ ಕೈಯಲ್ಲಿ ಹೆಚ್ಚೇನೂ ಇಲ್ಲ. ಪಹಣಿ ಬದಲಾವಣೆಯ ಆದೇಶದ ವಿರುದ್ಧ ಭೂಕಂದಾಯ ಅಧಿನಿಯಮದ ಸೆಕ್ಷನ್ 136(2)ರಡಿ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ, ಅದರ ಮೇಲೆ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣೆ. ಸ್ವತ್ತು ಸರ್ಕಾರದ್ದೋ ಖಾಸಗಿಯದ್ದೋ ಎಂಬ ಪ್ರಶ್ನೆಗೆ ಸೆಕ್ಷನ್ 67(2)ರಡಿ ಜಿಲ್ಲಾಧಿಕಾರಿಗಳ ವಿಚಾರಣೆ. ಪೋಡಿಯಲ್ಲಿ ತಪ್ಪಾಗಿದ್ದರೆ ಭೂದಾಖಲೆಗಳ ಉಪನಿರ್ದೇಶಕರು.

ಈಸ್‌ಮೆಂಟ್ ದಾರಿಯಾದರೆ ಕೊನೆಗೆ ಸಿವಿಲ್ ನ್ಯಾಯಾಲಯವೇ. ಕಂದಾಯ ಕಚೇರಿಗಳಲ್ಲಿ ವರ್ಷಗಟ್ಟಲೆ ಓಡಾಡಿ ಆಮೇಲೆ ಇದನ್ನು ಕೇಳಿಸಿಕೊಳ್ಳುವುದಕ್ಕಿಂತ ಮೊದಲೇ ತಿಳಿದಿರುವುದು ಮೇಲು.

ಹಂತ 7: ಸರ್ವೆಯರ್ ಬರುವ ದಿನ

ಹದ್ದುಬಸ್ತಿಗೆ (ಗಡಿ ಅಳತೆಗೆ) ಅರ್ಜಿ ಹಾಕಬಹುದಾದವರು ಆ ಜಮೀನಿನ ಹಕ್ಕುದಾರರು. ಸಾರ್ವಜನಿಕ ದಾರಿ ಸರ್ಕಾರದ್ದಾದ್ದರಿಂದ ಅಳತೆಗೆ ತಹಶೀಲ್ದಾರರೇ ಎಡಿಎಲ್‌ಆರ್‌ಗೆ ಬರೆಯಬೇಕು. ನಿಮ್ಮ ಅರ್ಜಿಯಲ್ಲಿ ಇದನ್ನೇ ಬೇಡಿ, ಇಲ್ಲದಿದ್ದರೆ ಕಡತ ಎರಡು ಮೇಜುಗಳ ನಡುವೆ ಮಲಗುತ್ತದೆ.

ದಿನ ನಿಗದಿಯಾದಾಗ ‘ಮೂಲ ಟಿಪ್ಪಣಿಯ ಆಧಾರದಲ್ಲಿ ಅಳತೆ ಮಾಡಬೇಕು’ ಎಂದು ಮುಂಚೆಯೇ ಬರೆದು ಕೊಡಿ. ಈಗಿನ ಹಿಸ್ಸಾ ನಕ್ಷೆ ಹಿಡಿದು ಅಳೆದರೆ ಮತ್ತೆ ‘ದಾರಿ ಇಲ್ಲ’ ಎಂಬ ವರದಿಯೇ. ಪ್ರಮಾಣಿತ ನಕಲುಗಳು ನಿಮ್ಮ ಕೈಯಲ್ಲಿರಲಿ. ಸರ್ವೆ ಕಲ್ಲುಗಳನ್ನು ಹಿಂದಿನ ದಿನವೇ ಹುಡುಕಿ, ಸುತ್ತಲಿನ ಕಾಡು ಕಡಿದು ಬಿಡಿಸಿಟ್ಟಿರಿ. ಕಾಫಿ ಗಿಡದ ಬುಡದಲ್ಲಿ ಹೂತ ಕಲ್ಲು ಸಿಗದೆ ‘ಗಡಿ ಕಲ್ಲು ಲಭ್ಯವಿಲ್ಲ’ ಎಂದು ಮುಗಿದ ಅಳತೆಗಳು ಕಡಿಮೆಯೇನಲ್ಲ.

ಇಡೀ ಊರು ಕೂಡಬೇಡಿ. ಮಾತಾಡಲು ಇಬ್ಬರು ಸಾಕು. ಅವರಲ್ಲಿ ಒಬ್ಬರು ಆ ದಾರಿಯಲ್ಲಿ ಬಾಲ್ಯದಿಂದ ನಡೆದ ಹಿರಿಯರಾಗಿರಲಿ. ಎದುರಿನವರಿಗೆ ನೋಟಿಸ್ ತಲುಪಿದ ದಾಖಲೆ ಸರ್ವೆಯರ್ ಬಳಿ ಇದೆಯೇ ಎಂದು ಕೇಳಿ. ನೋಟಿಸಿಲ್ಲದೆ ಆದ ಅಳತೆ ನಿಮ್ಮ ಪರವಾಗಿದ್ದರೂ ಮೇಲ್ಮನವಿಯಲ್ಲಿ ಬೀಳುತ್ತದೆ.

ಮಹಜರನ್ನು ಓದಿ ಸಹಿ ಮಾಡಿ. ‘ಅರ್ಜಿದಾರರು ಹೇಳಿದಂತೆ ದಾರಿ ಇರುತ್ತದೆ’ ಎಂಬುದಕ್ಕೂ ‘ಸ್ಥಳದಲ್ಲಿ ಸವೆದ ಜಾಡು, ಮೋರಿ, ಎರಡು ಬದಿ ಕಡಂಗ ಕಂಡುಬಂದಿರುತ್ತದೆ’ ಎಂಬುದಕ್ಕೂ ಅಜಗಜಾಂತರ. ಖಾಲಿ ಹಾಳೆಗೆ, ‘ಕಚೇರಿಯಲ್ಲಿ ಬರೆದುಕೊಳ್ಳುತ್ತೇವೆ’ ಎಂಬ ಮಾತಿಗೆ ಸಹಿ ಹಾಕಲೇಬೇಡಿ. ಒಪ್ಪಿಗೆಯಿಲ್ಲದಿದ್ದರೆ ಆಕ್ಷೇಪವನ್ನು ಬರೆದು ಅದರ ಕೆಳಗೆ ಸಹಿ ಮಾಡಿ.

ಹಂತ 8: ಸಿವಿಲ್ ದಾವೆಗೆ ಹೋಗಲೇಬೇಕಾದರೆ

ಈಸ್‌ಮೆಂಟ್ ಹಕ್ಕಿನ ಎರಡು ದಾರಿಗಳನ್ನು ವಕೀಲರೊಂದಿಗೆ ಸ್ಪಷ್ಟ ಮಾಡಿಕೊಳ್ಳಿ. ಅವಶ್ಯಕತೆಯ ಹಕ್ಕು, ಸೆಕ್ಷನ್ 13: ಒಂದೇ ಆಸ್ತಿ ಪಾಲಾಗಿ ಅಥವಾ ಮಾರಾಟವಾಗಿ ಒಳಗಿನ ಭಾಗಕ್ಕೆ ಬೇರೆ ದಾರಿಯೇ ಇಲ್ಲದಾಗ. ಸುತ್ತಿಬಳಸಿಯಾದರೂ ಇನ್ನೊಂದು ದಾರಿ ಇದ್ದರೆ ಈ ವಾದ ನಿಲ್ಲದು. ಬಳಕೆಯ ಹಕ್ಕು, ಸೆಕ್ಷನ್ 15: 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದೇ, ಅಡ್ಡಿಯಿಲ್ಲದೆ ನಡೆದಿರಬೇಕು. ಸರ್ಕಾರಿ ಜಾಗದ ಮೇಲಾದರೆ 30 ವರ್ಷ. ಆ ಅವಧಿ ದಾವೆ ಹೂಡುವ ಹಿಂದಿನ 2 ವರ್ಷಗಳೊಳಗೆ ಕೊನೆಗೊಂಡಿರಬೇಕು. ಮುಚ್ಚಿ ಮೂರು ವರ್ಷವಾದ ಮೇಲೆ ನ್ಯಾಯಾಲಯಕ್ಕೆ ಹೋದವರು ಇಲ್ಲಿ ಕೈಸುಟ್ಟುಕೊಳ್ಳುತ್ತಾರೆ.

ಕಾಲುದಾರಿಯ ಹಕ್ಕಿನಲ್ಲಿ ಜೀಪು ಓಡಿಸುವ ಹಕ್ಕು ಸೇರಿಲ್ಲ. ಸೆಕ್ಷನ್ 28 ಇದನ್ನು ನೇರವಾಗಿ ಹೇಳುತ್ತದೆ: ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಬರುವುದಿಲ್ಲ. ಕಾಫಿ ಚೀಲ ಪಿಕಪ್‌ನಲ್ಲಿ ಸಾಗಿಸಬೇಕೆಂಬ ಆಸೆಯಿಂದ 12 ಅಡಿ ಕೇಳಿ, ಕೊನೆಗೆ ಸಿಗಬೇಕಿದ್ದ 4 ಅಡಿಯನ್ನೂ ಅನುಮಾನಕ್ಕೆ ಈಡುಮಾಡಬೇಡಿ.

ಜಮ್ಮಾ ಜಾಗದ ಪಹಣಿಯಲ್ಲಿ ಪಟ್ಟೆದಾರರ (ಒಕ್ಕದ ಮುಖ್ಯಸ್ಥರ) ಹೆಸರಿನ ಜೊತೆ ಒಕ್ಕದ ಹಲವರ ಹೆಸರಿರುತ್ತದೆ. ಪಟ್ಟೆದಾರರೊಬ್ಬರನ್ನೇ ಪ್ರತಿವಾದಿ ಮಾಡಿದರೆ ಉಳಿದವರು ತೀರ್ಪು ತಮಗೆ ಅನ್ವಯಿಸದೆಂದು ಎದ್ದು ನಿಲ್ಲುತ್ತಾರೆ. ಹೆಸರುಗಳನ್ನು ಮೊದಲೇ ಹುಡುಕಿ ಸೇರಿಸಿ.

ಸಾರ್ವಜನಿಕ ದಾರಿಗೆ ಊರಿನ ಪರವಾಗಿ ದಾವೆ ಹೂಡುವುದಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 91ರಂತೆ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆಯಬೇಕು. ಸರ್ಕಾರವನ್ನು ಪ್ರತಿವಾದಿ ಮಾಡಲು ಸೆಕ್ಷನ್ 80ರ 2 ತಿಂಗಳ ನೋಟಿಸ್ ಬೇಕು. ತುರ್ತಿದ್ದರೆ ವಿನಾಯಿತಿ ಕೇಳಬಹುದು. ಹಕ್ಕು ಘೋಷಣೆ, ಅಡ್ಡಿ ತೆಗೆಸುವ ಆದೇಶ, ಮುಂದೆ ಅಡ್ಡಿ ಮಾಡದಂತೆ ನಿರ್ಬಂಧ ಈ ಮೂರನ್ನೂ ಒಟ್ಟಿಗೆ ಕೇಳಿ. ನಿರ್ಬಂಧ ಮಾತ್ರ ಕೇಳಿದ ದಾವೆಯಲ್ಲಿ ಗೆದ್ದರೂ ಕಟ್ಟಿದ ಗೋಡೆ ಅಲ್ಲೇ ಇರುತ್ತದೆ. ಸ್ಥಳ ನೋಡಿ ವರದಿ ಕೊಡುವ ಕೋರ್ಟ್ ಕಮಿಷನರ್ ನೇಮಕಕ್ಕೆ ಮಳೆಗಾಲಕ್ಕೆ ಮುಂಚೆಯೇ ಅರ್ಜಿ ಹಾಕಿಸಿ.

ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ರಾಜಿಯಾಗುವುದಾದರೆ ಲೋಕ ಅದಾಲತ್‌ನಲ್ಲಿ ಆಗಲಿ. ಅಲ್ಲಿನ ತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಹಾಗೆಂದೇ ರಾಜಿಪತ್ರದಲ್ಲಿ ಅಗಲವನ್ನು ಅಡಿಗಳಲ್ಲಿ ಬರೆಸಿ, ನಕ್ಷೆ ಅಂಟಿಸಿ. ‘ಮಾಮೂಲು ದಾರಿ’ ಎಂಬ ಪದ ಮುಂದಿನ ಜಗಳದ ಬೀಜ.

ಹಂತ 9: ಆದೇಶ ಕೈಗೆ ಬಂದ ಮೇಲೆ

ಆದೇಶ ಬಂದು ಗೇಟು ತೆರೆದ ದಿನ ಬಹಳ ಊರುಗಳಲ್ಲಿ ಕಡತ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಪಹಣಿಯಲ್ಲಿ ‘ಬ’ ಖರಾಬು ಇನ್ನೂ ಸೊನ್ನೆಯೇ ಇರುತ್ತದೆ. ತೋಟ ಕೈಬದಲಾದಾಗ ಹೊಸ ಮಾಲೀಕರು ಅದನ್ನೇ ನೋಡಿ ಕೊಳ್ಳುತ್ತಾರೆ, ಮತ್ತೆ ಬೀಗ ಬೀಳುತ್ತದೆ.

ಆದೇಶದ ಪ್ರಮಾಣಿತ ಪ್ರತಿ ಸಹಿತ ಎರಡು ಅರ್ಜಿ ಕೊಡಿ: ಎಡಿಎಲ್‌ಆರ್‌ಗೆ, ಹಿಸ್ಸಾ ನಕ್ಷೆ, ಆಕಾರಬಂದ್, ಗ್ರಾಮ ನಕ್ಷೆ ತಿದ್ದಲು, ತಹಶೀಲ್ದಾರರಿಗೆ, ಪಹಣಿಯ ಖರಾಬು ಕಲಂ ತಿದ್ದಲು. ಈಸ್‌ಮೆಂಟ್ ಡಿಕ್ರಿಯಾದರೆ ಎದುರಿನವರ ಪಹಣಿಯ 11ನೇ ಕಲಂನಲ್ಲಿ ದಾರಿ ಹಕ್ಕಿನ ನಮೂದು ಕೇಳಿ. ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾರಿ ಏರಿದೆಯೇ ನೋಡಿ.

ತೆರವಿನ ದಿನ ಗ್ರಾಮ ಆಡಳಿತಾಧಿಕಾರಿ, ಸರ್ವೆಯರ್, ಪೊಲೀಸರು ಮೂವರೂ ಇರುವಾಗಲೇ ದಾರಿಯ ಎರಡೂ ಬದಿಗೆ ಗುರುತು ಕಲ್ಲು ನೆಡಿಸಿ, ತೆರವಿನ ಮಹಜರಿನ ಪ್ರತಿ ಪಡೆಯಿರಿ. ಆನೆ ಬರುವ ಕಡೆ ಸೋಲಾರ್ ಬೇಲಿಯನ್ನು ತೆಗೆಯಿರಿ ಎಂದು ಹಟ ಹಿಡಿಯುವುದು ಸರಿಯಲ್ಲ; ದಾರಿಯ ಜಾಗದಲ್ಲಿ ಬೀಗವಿಲ್ಲದ, ಕೈಯಿಂದ ತೆಗೆದು ಹಾಕುವ ಹಿಡಿಕೆಯ ತಂತಿಗೇಟು ಇರಲಿ ಎಂದು ಮಹಜರಿನಲ್ಲೇ ಬರೆಸಿ. ಆಮೇಲೆ ಮೂರು ತಿಂಗಳು ಬಿಟ್ಟು ಹೊಸ ಪಹಣಿ ತೆಗೆದು ಖರಾಬು ಕಲಂ ನೋಡಿ. ಸೊನ್ನೆಯೇ ಇದ್ದರೆ ಕೊಟ್ಟ ಅರ್ಜಿಯ ಸ್ಥಿತಿ ಕೇಳಿ ಮತ್ತೊಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ.